33 ನಿಮಿಷ, ಒಂದು ವೈಟ್‌ಬೋರ್ಡ್: ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಸರಣಿ ವಿಮರ್ಶೆ

ಐದು ದಿನದಿಂದ ಯಾರೂ ಕಣ್ಣು ಮುಚ್ಚಿಲ್ಲ. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್ ಯಂತ್ರಗಳು, ಮನುಷ್ಯರೇ ಮಾಡಿ ಅವರ ಮೇಲೇ ತಿರುಗಿಬಿದ್ದವು, ಬಂದು ಎರಗುತ್ತವೆ. ಅಷ್ಟರೊಳಗೆ ಅಳಿದುಳಿದ ಮನುಷ್ಯರನ್ನು ಹೊತ್ತ ಅಂತರಿಕ್ಷ ಹಡಗುಗಳೆಲ್ಲ ಲೆಕ್ಕ ಹಾಕಿ ಇನ್ನೊಂದು ಜಾಗಕ್ಕೆ ನೆಗೆಯಬೇಕು. ನೆಗೆದ ಕೂಡಲೇ ಗಡಿಯಾರವನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೀಗೆ 237 ಸಲ ಆಗಿದೆ. ಗುಣಿಸಿ ನೋಡಿ, 7,821 ನಿಮಿಷ, ಅಂದರೆ 130 ಗಂಟೆ. ಬರೆದವರು ಸುಮ್ಮನೆ ಒಂದು ದೊಡ್ಡ ಸಂಖ್ಯೆ ಎಸೆದಿಲ್ಲ, ಕೂತು ಲೆಕ್ಕ ಮಾಡಿದ್ದಾರೆ.

'33' ಎಂಬ ಈ ಎಪಿಸೋಡ್ ಬ್ರಿಟನ್ನಿನ ಸ್ಕೈ ಒನ್‌ನಲ್ಲಿ 2004ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸೈ-ಫೈ ಚಾನೆಲ್‌ನಲ್ಲಿ 2005ರ ಜನವರಿಯಲ್ಲಿ ಬಂತು. ಬರೆದವರು ರೊನಾಲ್ಡ್ ಡಿ. ಮೂರ್, ನಿರ್ದೇಶಿಸಿದವರು ಮೈಕಲ್ ರೈಮರ್. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಸಿಕ್ಕಿತು. ಮೂವತ್ತಲ್ಲ, ನಲವತ್ತಲ್ಲ, ಮೂವತ್ಮೂರೇ ಯಾಕೆ? ಎಪಿಸೋಡ್ ಅದನ್ನು ಹೇಳುವುದೇ ಇಲ್ಲ. ಹೇಳಿದ್ದರೆ ಎರಡು ನಿಮಿಷ ಹಾಳಾಗುತ್ತಿತ್ತು, ನೋಡುವವರ ಎದೆಬಡಿತ ಇಳಿಯುತ್ತಿತ್ತು. ಟಿವಿಗೆ ವಿಜ್ಞಾನ ಕಥೆ ಬರೆಯುವವರು ಇಡೀ ಸರಣಿ ನೋಡಲು ಬಿಡುವಿಲ್ಲದಿದ್ದರೆ ಇದೊಂದನ್ನಾದರೂ ನೋಡಬೇಕು.

ಮುಂದೆ ಕಥೆಯ ಗುಟ್ಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಇನ್ನೂ ನೋಡದವರು ನೇರವಾಗಿ ಕೊನೆಯ ಮೂರು ಪ್ಯಾರಾಗೆ ಹೋಗಿ. ಯಾವ ಕ್ರಮದಲ್ಲಿ ನೋಡಬೇಕು, ಏನು ಬಿಡಬಹುದು ಎಂಬುದು ಅಲ್ಲಿದೆ.

ಮೂರ್ ಇದಕ್ಕೆ ಮೊದಲು ಸ್ಟಾರ್ ಟ್ರೆಕ್ ಸರಣಿಗಳಿಗೆ ವರ್ಷಗಟ್ಟಲೆ ಬರೆದವರು. ಅಲ್ಲಿದ್ದ ಒಂದು ಪದ್ಧತಿಯನ್ನು ಆಮೇಲೆ ಅವರೇ ಬಹಿರಂಗವಾಗಿ ಹೇಳಿಕೊಂಡರು. ಸ್ಕ್ರಿಪ್ಟ್‌ನಲ್ಲಿ ತಾಂತ್ರಿಕ ಮಾತು ಬರಬೇಕಾದ ಕಡೆ ಬರಹಗಾರರು 'ಟೆಕ್' ಎಂದು ಬರೆದು ಬಿಡುತ್ತಿದ್ದರು. ಆ ಖಾಲಿ ಜಾಗಕ್ಕೆ ಸಲಹೆಗಾರರು ಆಮೇಲೆ ಏನಾದರೊಂದು ಪದ ತುಂಬುತ್ತಿದ್ದರು. ಹಡಗು ಸಿಕ್ಕಿಬಿದ್ದಿದೆ, ಎಂಜಿನಿಯರ್ 'ಟೆಕ್' ಅನ್ನು 'ಟೆಕ್' ಮಾಡುತ್ತಾನೆ, ಹಡಗು ಪಾರು. ಇದರಲ್ಲಿ ತಪ್ಪು ವಿಜ್ಞಾನದ್ದಲ್ಲ. ಸಮಸ್ಯೆ ಬಗೆಹರಿದದ್ದು ಒಂದು ಪದದಿಂದ, ಯಾರ ಕೈಯಿಂದಲೂ ಏನೂ ಜಾರಲಿಲ್ಲ. ಏನೂ ಜಾರದ ಕಡೆ ನಾಟಕ ಎಲ್ಲಿಂದ ಬರಬೇಕು?

ಗ್ಯಾಲಕ್ಟಿಕಾದಲ್ಲಿ ಅವರು ಇದನ್ನು ತಲೆಕೆಳಗು ಮಾಡಿದರು. ಹಡಗು ನೆಗೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನಾಲ್ಕು ಸೀಸನ್ ಮುಗಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೂರೇ ಸಂಗತಿ: ಎಷ್ಟು ಹೊತ್ತು ಹಿಡಿಯುತ್ತದೆ, ಏನು ಖರ್ಚಾಗುತ್ತದೆ, ಎಲ್ಲಿ ಕೈಕೊಡುತ್ತದೆ. ಮನೆಯ ಮಿಕ್ಸಿ ಬಗ್ಗೆ ನಮಗೆ ಗೊತ್ತಿರುವುದೂ ಇಷ್ಟೇ ತಾನೆ. ಮೋಟರಿನ ಸುತ್ತುಗಳ ಲೆಕ್ಕ ಯಾರಿಗೂ ಬೇಡ, ಚಟ್ನಿ ರುಬ್ಬುವಾಗ ಕರೆಂಟ್ ಹೋದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

'33' ಒಳಗೆ ಈ ಮೂರು ಸಂಗತಿ ಹೇಗೆ ಕೆಲಸ ಮಾಡುತ್ತವೆ ನೋಡಿ. ಒಂದು ನೆಗೆತದ ನಂತರ ಒಲಿಂಪಿಕ್ ಕ್ಯಾರಿಯರ್ ಎಂಬ ಹಡಗು ಕಾಣೆ. ಅದರಲ್ಲಿ 1,345 ಜನ. ಅದನ್ನು ಬಿಟ್ಟುಬಂದ ಸಂಕಟದಲ್ಲೇ ಗಡಿಯಾರ 33 ದಾಟುತ್ತದೆ, ಯಂತ್ರಗಳು ಬರುವುದಿಲ್ಲ. ಜನ ಉಸಿರು ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಹಡಗು ವಾಪಸ್ಸು ಬರುತ್ತದೆ, ಗಡಿಯಾರ ಮತ್ತೆ ಓಡತೊಡಗುತ್ತದೆ. ಆ ಹಡಗಿನ ಜಾಡು ಹಿಡಿದೇ ಶತ್ರು ಬರುತ್ತಿದ್ದಾನೆ ಎಂದು ನೋಡುವವರಿಗೂ ಪಾತ್ರಗಳಿಗೂ ಒಟ್ಟಿಗೆ ಹೊಳೆಯುತ್ತದೆ. ಯಾರೂ ಬೋರ್ಡಿನ ಮುಂದೆ ನಿಂತು ವಿವರಿಸುವುದಿಲ್ಲ. ನಿಯಮವನ್ನು ಮೊದಲೇ ಅಷ್ಟು ಗಟ್ಟಿಯಾಗಿ ಕೂರಿಸಿದ್ದರಿಂದ, ಅದು ಒಂದು ಸಲ ಮುರಿದದ್ದೇ ಸಾಕ್ಷಿಯಾಗುತ್ತದೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ, ಹೊಡೆದುರುಳಿಸಬೇಕೇ ಬೇಡವೇ. ಹಡಗಿನಲ್ಲಿ ಅಣ್ವಸ್ತ್ರವಿದೆ ಎಂದು ಉಪಕರಣ ಹೇಳುತ್ತದೆ. ಕಿಟಕಿಗಳ ಪಕ್ಕದಲ್ಲೇ ಹಾರಿದ ಪೈಲಟ್‌ಗೆ ಒಳಗೆ ಯಾರೂ ಕಾಣುವುದಿಲ್ಲ. ಇಲ್ಲವೋ, ಕಾಣಲಿಲ್ಲವೋ? ಅದನ್ನು ಸರಣಿ ತೀರ್ಮಾನಿಸದೆ ಹಾಗೇ ಬಿಡುತ್ತದೆ. ಬರೆಯುವವರು ಗಮನಿಸಬೇಕಾದದ್ದು ಇದು: ವಿಜ್ಞಾನ ಭಾಗದಲ್ಲಿ ಚೂರೂ ಅಸ್ಪಷ್ಟತೆ ಇಲ್ಲ, ಇರುವ ಅಸ್ಪಷ್ಟತೆಯೆಲ್ಲ ಮನುಷ್ಯರ ಭಾಗದಲ್ಲಿ. ಬಿದ್ದುಹೋಗುವ ಬಹಳಷ್ಟು ಸರಣಿಗಳಲ್ಲಿ ಇದು ಉಲ್ಟಾ ಇರುತ್ತದೆ. ಯಂತ್ರದ ನಿಯಮ ಮಸುಕು, ಮನುಷ್ಯರ ತೀರ್ಮಾನ ಮಾತ್ರ ಕಡ್ಡಿ ಮುರಿದ ಹಾಗೆ.

ಈ ಎಪಿಸೋಡಿನ ಇನ್ನೊಂದು ಸಾಮಾನು ಅಧ್ಯಕ್ಷೆ ಲಾರಾ ರಾಸ್ಲಿನ್ ಅವರ ವೈಟ್‌ಬೋರ್ಡ್. ಅದರಲ್ಲಿ ಬದುಕಿರುವವರ ಸಂಖ್ಯೆ ಬರೆದಿಡುತ್ತಾರೆ. ಮೊದಲು 50,298 ಇದ್ದದ್ದು ಕೊನೆಗೆ 47,972ಕ್ಕೆ ಇಳಿದಿರುತ್ತದೆ. ಆಗ ಸಹಾಯಕ ಬಂದು ಒಂದು ಹಡಗಿನಲ್ಲಿ ಮಗು ಹುಟ್ಟಿತು ಎನ್ನುತ್ತಾನೆ. ರಾಸ್ಲಿನ್ ಎದ್ದು ಕೊನೆಯ ಅಂಕಿ ಅಳಿಸಿ 47,973 ಎಂದು ಬರೆಯುತ್ತಾರೆ. ನಟಿ ಮೇರಿ ಮೆಕ್‌ಡೊನೆಲ್ ಮುಖದಲ್ಲಿ ನಗುವೂ ಪೂರ್ತಿ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಮನುಕುಲದ ಅಳಿವು ಎಂಬ ಕೈಗೆ ಸಿಗದ ದೊಡ್ಡ ಕಲ್ಪನೆಯನ್ನು ಕಿರಾಣಿ ಅಂಗಡಿಯ ಸ್ಟಾಕ್ ಲೆಕ್ಕದಷ್ಟು ಚಿಕ್ಕದು ಮಾಡಿ ಕೈಗೆ ಕೊಟ್ಟದ್ದೇ ಈ ಬೋರ್ಡಿನ ಕೆಲಸ. ಒಂದು ಬೋರ್ಡು, ಒಂದು ಮಾರ್ಕರ್, ಗ್ರಾಫಿಕ್ಸ್ ಖರ್ಚು ಸೊನ್ನೆ.

ಸರಣಿಯ ಹೂರಣವೇ ಹೀಗೆ ಕೂತಿದೆ. 2003ರ ಡಿಸೆಂಬರ್‌ನಲ್ಲಿ ಬಂದ ಎರಡು ಭಾಗದ ಮಿನಿ ಸರಣಿಯಲ್ಲಿ ಗ್ಯಾಲಕ್ಟಿಕಾ ಮ್ಯೂಸಿಯಂ ಆಗಲು ಹೊರಟ ಹಳೇ ಯುದ್ಧನೌಕೆ. ಆಗಿನ್ನೂ ಶಿಕ್ಷಣ ಸಚಿವೆಯಾಗಿದ್ದ ರಾಸ್ಲಿನ್, ಪಾಠ ಮಾಡುವವರಿಗೆ ಅನುಕೂಲವಾಗಲಿ, ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸೋಣ ಎನ್ನುತ್ತಾರೆ. ಕಮಾಂಡರ್ ಅಡಾಮ ಸುತರಾಂ ಒಪ್ಪುವುದಿಲ್ಲ. ಹಿಂದಿನ ಯುದ್ಧದಲ್ಲಿ ಸೈಲಾನ್‌ಗಳು ನೆಟ್‌ವರ್ಕ್ ಹೊಕ್ಕೇ ಕೊಂದದ್ದು. ನಿವೃತ್ತಿ ಅಂಚಿನ ಮುದುಕನ ಹಟ ಮತ್ತು ಸಚಿವೆಯ ಸರಳ ಬೇಡಿಕೆ, ನೋಡುವವರು ಅಷ್ಟೇ ಅಂದುಕೊಳ್ಳುತ್ತಾರೆ. ಕೆಲವೇ ಗಂಟೆಯಲ್ಲಿ ಹೊಸ ನೌಕೆಗಳು, ಹೊಸ ಫೈಟರ್‌ಗಳು ಒಂದೇಟಿಗೆ ಸ್ವಿಚ್ ಆರಿಸಿದ ಹಾಗೆ ಸತ್ತು ತೇಲುವಾಗ, ತಂತಿ ಫೋನಿನ ಈ ಹಳೇ ಡಬ್ಬ ಉಳಿಯುವುದು ಆ ಹಟದಿಂದಲೇ. ಇಡೀ ಸರಣಿಯ ಮುಖ್ಯ ವೈಜ್ಞಾನಿಕ ನಿಯಮವನ್ನು ಇಬ್ಬರ ಜಗಳದೊಳಗೆ ಬಚ್ಚಿಟ್ಟು ದಾಟಿಸಿದ್ದಾರೆ. ನಿಯಮ ಹೇಳಲೆಂದೇ ಒಂದು ದೃಶ್ಯ ಬರೆದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಜಗಳವಾದರೆ ಪಕ್ಕದ ಮನೆಯವರೂ ಕಿವಿಗೊಡುತ್ತಾರೆ.

ಎರಡನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಆ ನಿಯಮದ ಬಡ್ಡಿ ವಸೂಲಾಗುತ್ತದೆ. ಅಡಾಮಗೆ ಗುಂಡೇಟು ಬಿದ್ದಿದೆ, ಉಳಿದ ಹಡಗುಗಳು ಎಲ್ಲಿವೆಯೋ ಗೊತ್ತಿಲ್ಲ, ಲೆಕ್ಕ ಬೇಗ ಮುಗಿಸಬೇಕಾದರೆ ಕಂಪ್ಯೂಟರ್‌ಗಳನ್ನು ಜೋಡಿಸಲೇಬೇಕು. ಅಡಾಮ ಜನ್ಮದಲ್ಲಿ ಮಾಡದ ಕೆಲಸವನ್ನು ಅವರ ಗೆಳೆಯ ಟೈ ಮಾಡಿಸುತ್ತಾರೆ. ರಕ್ಷಣೆಗೆ ಹಾಕಿದ ಗೋಡೆಗಳು ಒಂದೊಂದಾಗಿ ಬೀಳುವುದನ್ನು ಹಡಗಿನ ಅಧಿಕಾರಿ ಗೇಟಾ ಕೂತು ಓದಿ ಹೇಳುತ್ತಾನೆ. ತೆರೆ ಮೇಲೆ ಕಾಣುವುದು ಪ್ರೋಗ್ರಾಮಿನ ಗೋಡೆ, ನಮ್ಮ ಎದೆ ಹೊಡೆದುಕೊಳ್ಳುವುದು ಟೈ ಹೊತ್ತ ಹೊಣೆಗೆ.

ಮೊದಲ ಸೀಸನ್ನಿನ 'ವಾಟರ್' ಇನ್ನೊಂದು ಬಗೆ. ಪೈಲಟ್ ಬೂಮರ್‌ಗೆ ತಾನೇ ಸೈಲಾನ್ ಎಂದು ಗೊತ್ತಿಲ್ಲ. ಒಂದು ಹೊತ್ತಿನಲ್ಲಿ ಎಚ್ಚರವಾದಾಗ ಮೈಯೆಲ್ಲ ಒದ್ದೆ, ಚೀಲದಲ್ಲಿ ಸ್ಫೋಟಕ. ಆಮೇಲೆ ನೀರಿನ ಟ್ಯಾಂಕುಗಳು ಸಿಡಿದು ಹಡಗಿನ ನೀರು ಶೂನ್ಯಕ್ಕೆ ಚೆಲ್ಲಿಹೋಗುತ್ತದೆ. ನೀರು ಹುಡುಕಲು ಹೊರಟವಳೂ ಅವಳೇ. ಒಂದು ಗ್ರಹದ ಮೇಲೆ ಹಾದಾಗ ಅವಳ ಮುಂದಿನ ಪರದೆ 'ನೀರಿದೆ' ಎನ್ನುತ್ತದೆ. ಅವಳ ಬಾಯಿಗೆ ಅದನ್ನು ಹೇಳಲಾಗುವುದಿಲ್ಲ. ಕಣ್ಣು ಓದುತ್ತಿದೆ, ಗಂಟಲು ಕಟ್ಟಿದೆ. ಒದ್ದಾಡಿ ಒದ್ದಾಡಿ ಕೊನೆಗೆ ಆ ಮಾತು ಹೊರಗೆ ಬೀಳುತ್ತದೆ. ಮನುಷ್ಯರ ರೂಪದ ಯಂತ್ರ ಎಂಬ ಸವೆದ ಕಲ್ಪನೆಗೆ ಇಷ್ಟು ಹೊಸ ಜೀವ ಬಂದದ್ದು ಹೇಗೆ? ಪ್ರೋಗ್ರಾಮಿಂಗ್ ಎಂಬ ಪದ ಬಾಯಿಗೆ ಬಾರದೆ, ಹೇಳಬೇಕಾದ್ದನ್ನು ಹೇಳಲಾಗದ ಒಬ್ಬ ಹೆಂಗಸಿನ ಕ್ಲೋಸಪ್ಪಿನಲ್ಲಿ ಅದು ನಡೆದುಹೋಗುತ್ತದೆ. ಮನೆಯಲ್ಲಿ ಹೇಳಲಾಗದ ಮಾತು ಇಟ್ಟುಕೊಂಡ ಯಾರಿಗೂ ಆ ಮುಖ ಗುರುತು ಸಿಗುತ್ತದೆ.

ಸತ್ತ ಸೈಲಾನ್ ಹೊಸ ದೇಹದಲ್ಲಿ ಎಚ್ಚರಗೊಳ್ಳುತ್ತದೆ, ಆದರೆ ಪುನರ್ಜನ್ಮದ ಹಡಗು ಹತ್ತಿರದಲ್ಲಿದ್ದರೆ ಮಾತ್ರ. ಆ 'ಮಾತ್ರ' ಇಲ್ಲದಿದ್ದರೆ ಸರಣಿ ಅಲ್ಲೇ ಮುಗಿಯುತ್ತಿತ್ತು, ಸಾಯದ ಶತ್ರುವಿನ ಜೊತೆ ಯಾವ ಪಂದ್ಯ? 'ಸ್ಕಾರ್' ಎಪಿಸೋಡಿನಲ್ಲಿ ಸೈಲಾನ್‌ಗಳ ಒಂದು ಫೈಟರ್ ಸತ್ತಷ್ಟೂ ಕಲಿಯುತ್ತದೆ, ಪ್ರತಿ ಸಾವಿನ ಸಿಟ್ಟನ್ನೂ ಮುಂದಿನ ಜನ್ಮಕ್ಕೆ ಒಯ್ಯುತ್ತದೆ. ಇತ್ತ ಮನುಷ್ಯರಿಗೆ ಹೋದ ತಿಂಗಳು ಸತ್ತ ಸಹೋದ್ಯೋಗಿಯ ಹೆಸರೇ ನೆನಪಾಗುವುದಿಲ್ಲ. ಕೊನೆಗೆ ಪೈಲಟ್ ಸ್ಟಾರ್‌ಬಕ್ ಗ್ಲಾಸು ಎತ್ತಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾಳೆ. ಮರೆಯದ ಯಂತ್ರ, ಮರೆಯುವ ಮನುಷ್ಯ: ಎರಡು ಕಥೆಯಾಗಬೇಕಿದ್ದದ್ದು ಒಂದೇ ಆಗಿದೆ.

ಇಷ್ಟರಿಂದ ಒಂದು ಒರೆಗಲ್ಲು ಸಿಗುತ್ತದೆ. ಇಲ್ಲಿನ ವಿಜ್ಞಾನ ಕಲ್ಪನೆ ಪಾತ್ರಗಳಿಂದ ಏನಾದರೂ ಕಿತ್ತುಕೊಂಡಾಗ (ನಿದ್ದೆ, ನೀರು, ಮಾತು, ಸತ್ತವರ ಹೆಸರು) ಸರಣಿ ಎದ್ದು ನಿಲ್ಲುತ್ತದೆ. ಪುಕ್ಕಟೆ ಏನಾದರೂ ಕೊಟ್ಟಾಗ ಕುಸಿಯುತ್ತದೆ. ಕುಸಿದ ಜಾಗಗಳೂ ಕಮ್ಮಿಯೇನಿಲ್ಲ.

ಮೊದಲನೆಯದು ರಾಸ್ಲಿನ್ ಕ್ಯಾನ್ಸರ್. ಲೋಕ ಮುಳುಗುವ ದಿನವೇ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಎರಡು ಸೀಸನ್ ಉದ್ದಕ್ಕೂ ಅವರ ಪ್ರತಿ ತೀರ್ಮಾನದ ಹಿಂದೆ ಆ ಗಡಿಯಾರ ಟಿಕ್ ಎನ್ನುತ್ತಿರುತ್ತದೆ. 2006ರ ಜನವರಿಯಲ್ಲಿ ಬಂದ 'ಎಪಿಫನೀಸ್'ನಲ್ಲಿ, ಮನುಷ್ಯ-ಸೈಲಾನ್ ಬೆರಕೆಯ ಭ್ರೂಣದ ರಕ್ತ ಕೊಟ್ಟ ಕೂಡಲೇ ರೋಗ ಮಾಯ. ನಮ್ಮ ಧಾರಾವಾಹಿಗಳಲ್ಲಿ 'ರಿಪೋರ್ಟೇ ಅದಲುಬದಲಾಗಿತ್ತಂತೆ' ಎನ್ನುವ ದೃಶ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಆ ಭ್ರೂಣವನ್ನು ತೆಗೆಸಲು ಆಜ್ಞೆ ಕೊಟ್ಟವರೇ ರಾಸ್ಲಿನ್, ಉಳಿಸಿದವನು ಅವರಿಗೆ ನಂಬಿಕೆಯಿಲ್ಲದ ವಿಜ್ಞಾನಿ ಬಾಲ್ಟರ್. ಋಣದ ಕಥೆಯೊಂದು ಅಲ್ಲೇ ಬಾಯಿ ತೆರೆದು ಕೂತಿತ್ತು. ಅದನ್ನು ಅಷ್ಟಿಷ್ಟು ಮುಟ್ಟಿ ಬಿಟ್ಟುಬಿಟ್ಟರು. ಮೂರನೇ ಸೀಸನ್ನಿನ ಕೊನೆಗೆ ಕ್ಯಾನ್ಸರನ್ನು ವಾಪಸ್ಸು ತಂದದ್ದು ತಿದ್ದುಪಡಿಯ ಹಾಗೇ ಕಾಣುತ್ತದೆ. ಒಳ್ಳೇ ತಿದ್ದುಪಡಿಯೂ ಹೌದು, ನಾಲ್ಕನೇ ಸೀಸನ್ನಿನಲ್ಲಿ ಅಡಾಮ-ರಾಸ್ಲಿನ್ ದೃಶ್ಯಗಳ ತೂಕ ಬಂದದ್ದು ಅಲ್ಲಿಂದಲೇ.

ಎರಡನೆಯದು ಉಲ್ಟಾ ತಪ್ಪು: ಮನುಷ್ಯರ ನಾಟಕ ಭರ್ತಿ ಇದೆ, ಕಲ್ಪನೆ ನಾಪತ್ತೆ. ಎರಡನೇ ಸೀಸನ್ನಿನ 'ಬ್ಲಾಕ್ ಮಾರ್ಕೆಟ್' ಯಾವ ಊರಿನ ಪೊಲೀಸ್ ಕಥೆಯಾದರೂ ಆಗಬಹುದಿತ್ತು, ಅಂತರಿಕ್ಷವೇ ಬೇಕಿರಲಿಲ್ಲ. ಮೂರ್ ಅವರೇ ತಮ್ಮ ಪಾಡ್‌ಕಾಸ್ಟ್‌ನಲ್ಲಿ ಅದರ ಬಗ್ಗೆ ಅಸಮಾಧಾನ ಹೇಳಿಕೊಂಡಿದ್ದಾರೆ. ಮೂರನೇ ಸೀಸನ್ನಿನಲ್ಲಿ ಎರಡು ಜೋಡಿಗಳ ನಡುವಿನ ಪ್ರೇಮದ ಗೋಜಲೂ ಇದೇ ಜಾತಿಯದು. ಆ ನಾಲ್ವರಲ್ಲಿ ಯಾರ ಸಂಕಟಕ್ಕೂ ಸೈಲಾನ್ ಕಾರಣವಲ್ಲ, ಹಡಗು ಕಾರಣವಲ್ಲ.

ಅದೇ ಮೂರನೇ ಸೀಸನ್ನಿನ ಆರಂಭ ಮಾತ್ರ ಸರಣಿಯ ಶಿಖರ. ನ್ಯೂ ಕ್ಯಾಪ್ರಿಕಾ ಗ್ರಹದಲ್ಲಿ ಸೈಲಾನ್‌ಗಳ ಆಳ್ವಿಕೆ, ಅದರ ವಿರುದ್ಧ ಆತ್ಮಹತ್ಯಾ ಬಾಂಬ್ ಹಾಕುವವರು ನಮ್ಮ ನಾಯಕರೇ. ಇರಾಕ್ ಯುದ್ಧ ನಡೆಯುತ್ತಿದ್ದ 2006ರಲ್ಲಿ ಅಮೆರಿಕದ ಚಾನೆಲ್ ಒಂದರಲ್ಲಿ ಇದು ಬಂತು ಎಂಬುದನ್ನು ನೆನಪಿಟ್ಟು ನೋಡಿ. 'ಎಕ್ಸೋಡಸ್' ಎರಡನೇ ಭಾಗದಲ್ಲಿ ಗ್ಯಾಲಕ್ಟಿಕಾ ನೇರ ವಾತಾವರಣದೊಳಗೇ ನೆಗೆದು, ಕಲ್ಲಿನಂತೆ ಬೀಳುತ್ತಾ ಫೈಟರ್‌ಗಳನ್ನು ಹೊರಬಿಟ್ಟು, ನೆಲ ಮುಟ್ಟುವ ಮೊದಲು ಮಾಯವಾಗುತ್ತದೆ. ಟಿವಿ ಬಜೆಟ್ಟಿನಲ್ಲಿ ಇಂಥದ್ದು ಕಂಡದ್ದು ಅಪರೂಪ. ಆದರೂ ಆ ಎಪಿಸೋಡ್ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಬೇರೆ: ಟೈ ತನ್ನ ಹೆಂಡತಿ ಎಲೆನ್‌ಗೆ ಕುಡಿಯಲು ಕೊಡುವ ವಿಷದ ಲೋಟ. ಅವಳು ಶತ್ರುವಿಗೆ ಸುದ್ದಿ ಕೊಟ್ಟದ್ದು ಇವನ ಜೀವ ಉಳಿಸಲು. ದೊಡ್ಡ ಗ್ರಾಫಿಕ್ಸ್ ಇರುವ ಎಪಿಸೋಡಿನಲ್ಲೇ ಅತಿ ಸಣ್ಣ ದೃಶ್ಯ ಇಡುವುದು ಈ ತಂಡದ ಕಸುಬು.

ಮೂರನೇ ತಪ್ಪು ಎಲ್ಲಕ್ಕಿಂತ ದೊಡ್ಡದು. ಸೈಲಾನ್‌ಗಳ ಬಳಿ ಒಂದು ಯೋಜನೆ ಇದೆ ಎಂದು ಶೀರ್ಷಿಕೆಯಲ್ಲಿ ಪ್ರತಿ ವಾರ ಬರೆದು ತೋರಿಸಿದರು. ಬರಹಗಾರರ ಬಳಿ ಅಂಥ ಯೋಜನೆ ಇರಲಿಲ್ಲ, ದಾರಿ ನಡೆಯುತ್ತಾ ಕಟ್ಟಿದರು. ಹಾಗೆ ಕಟ್ಟುವುದು ಅಪರಾಧವಲ್ಲ, ಟಿವಿಯಲ್ಲಿ ಬಹುಪಾಲು ಹಾಗೇ. ಆದರೆ ಮುಂಗಡ ಚೀಟಿ ಕೊಟ್ಟಮೇಲೆ ಒಂದು ದಿನ ಹಣ ಕಟ್ಟಲೇಬೇಕಲ್ಲ. ಆ ದಿನ 2009ರ ಫೆಬ್ರವರಿಯ 'ನೋ ಎಕ್ಸಿಟ್'. ಸೈಲಾನ್‌ಗಳ ಪೂರ್ವಕಥೆಯನ್ನೆಲ್ಲ ತಲೆಗೆ ಗುಂಡು ಹೊಕ್ಕ, ತಾನೂ ಸೈಲಾನೇ ಆದ ಆಂಡರ್ಸ್ ಆಸ್ಪತ್ರೆ ಹಾಸಿಗೆಯಲ್ಲಿ ಮಲಗಿ ಹೇಳುತ್ತಾ ಹೋಗುತ್ತಾನೆ, ಸ್ಟಾರ್‌ಬಕ್, ಟೈ ಮೊದಲಾದವರು ಸುತ್ತ ನಿಂತು ಕೇಳುತ್ತಾರೆ. '33'ರಲ್ಲಿ ಒಂದು ಸಂಖ್ಯೆಯನ್ನೂ ವಿವರಿಸದಿದ್ದ ಸರಣಿ ಇದು! ಅತ್ತ, ತಾನೂ ಸೈಲಾನ್ ಆಗಿದ್ದರಿಂದ ಹೊಸ ದೇಹದಲ್ಲಿ ಎದ್ದ ಎಲೆನ್ ಮತ್ತು ಅವಳೇ ಸೃಷ್ಟಿಸಿದ ಸೈಲಾನ್ ಕ್ಯಾವಿಲ್, ಇವರ ಮಾತುಕತೆ ಮಾತ್ರ ಬದುಕಿದೆ, ಯಾಕೆಂದರೆ ಅದು ತಾಯಿ-ಮಗನ ಜಗಳ.

2009ರ ಮಾರ್ಚ್‌ನ ಮುಕ್ತಾಯದ ಬಗ್ಗೆ ವಾದ ಇನ್ನೂ ನಿಂತಿಲ್ಲ. ಬಹಳ ಜನಕ್ಕೆ ದೇವರ ಕೈವಾಡ ಇಷ್ಟವಾಗಲಿಲ್ಲ. ನಿಜವಾದ ಬಿರುಕು ಅಲ್ಲಿಲ್ಲ. ಉಳಿದ ಸುಮಾರು 38 ಸಾವಿರ ಜನ ತಮ್ಮ ಹಡಗು, ಔಷಧಿ, ತಂತ್ರಜ್ಞಾನ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಹೊಸ ನೆಲಕ್ಕೆ ಇಳಿಯಲು ಒಪ್ಪುತ್ತಾರೆ, ಹಡಗುಗಳನ್ನು ಸೂರ್ಯನತ್ತ ಕಳಿಸುತ್ತಾರೆ. ಒಬ್ಬರೂ ತಕರಾರು ತೆಗೆಯುವುದಿಲ್ಲ. ನೀರಿಗೆ, ಇಂಧನಕ್ಕೆ, ವೋಟಿಗೆ ನಾಲ್ಕು ಸೀಸನ್ ಕಚ್ಚಾಡಿದ ಜನ ಇವರು. ಡಯಾಲಿಸಿಸ್‌ನಲ್ಲಿರುವ ಒಬ್ಬ ಅಪ್ಪ, ಬಸುರಿ ಮಗಳ ಒಬ್ಬ ತಾಯಿ ಎದ್ದು 'ಆಸ್ಪತ್ರೆಯ ಹಡಗನ್ನಾದರೂ ಬಿಡಿ' ಎನ್ನಬಾರದಿತ್ತೇ? ಅಂಥ ಮೂರು ನಿಮಿಷದ ಒಂದು ದೃಶ್ಯವಿದ್ದಿದ್ದರೆ ಆ ಮುಕ್ತಾಯದ ಮೇಲಿನ ಅರ್ಧ ದೂರು ಇರುತ್ತಿರಲಿಲ್ಲ. ಕಲ್ಪನೆ ಇಲ್ಲಿ ಕಿತ್ತುಕೊಳ್ಳುತ್ತಿದೆ ನಿಜ, ಕಿತ್ತದ್ದು ಯಾರಿಗೂ ನೋಯುತ್ತಿಲ್ಲ.

ನೋಡುವ ಕ್ರಮಕ್ಕೆ ಬಂದರೆ, ಸುಮಾರು ಮೂರು ಗಂಟೆಯ ಮಿನಿ ಸರಣಿಯೇ ಮೊದಲು. ಹಲವು ಕಡೆ ಅದು ಪ್ರತ್ಯೇಕ ಶೀರ್ಷಿಕೆಯಡಿ ಇರುತ್ತದೆ, ಹುಡುಕಿ. ಅದನ್ನು ಬಿಟ್ಟು ಸೀಸನ್ 1ಕ್ಕೆ ಹಾರಿದರೆ ತಂತಿ ಫೋನು, ಹಳೇ ಫೈಟರ್, ರಾಸ್ಲಿನ್ ಪದವಿ ಯಾವುದೂ ತಲೆಬುಡ ಗೊತ್ತಾಗುವುದಿಲ್ಲ. ಆಮೇಲೆ ಮೊದಲ ಸೀಸನ್ನಿನ 13, ಎರಡನೆಯದು ಮತ್ತು ಮೂರನೆಯದರ ತಲಾ 20 ಎಪಿಸೋಡ್, ನಂತರ 2007ರ ಟಿವಿ ಚಿತ್ರ 'ರೇಜರ್', ಕೊನೆಗೆ ನಾಲ್ಕನೆಯದು. 2009ರ ಇನ್ನೊಂದು ಚಿತ್ರ 'ದ ಪ್ಲಾನ್' ಎಲ್ಲ ಮುಗಿದ ಮೇಲೆ, ಅದೂ ಪುರುಸೊತ್ತಿದ್ದರೆ. 'ಬ್ಲಾಕ್ ಮಾರ್ಕೆಟ್', 'ದ ವುಮನ್ ಕಿಂಗ್' ಬಿಟ್ಟರೆ ನಷ್ಟವಿಲ್ಲ. 'ಪೆಗಾಸಸ್' ಎಪಿಸೋಡಿನಲ್ಲಿ ಲೈಂಗಿಕ ಹಿಂಸೆಯ ದೃಶ್ಯವಿದೆ, ಮಕ್ಕಳ ಜೊತೆ ಕೂತು ನೋಡುವ ಸರಣಿ ಇದಲ್ಲ.

ಬರವಣಿಗೆ ಕಲಿಯಲೆಂದೇ ನೋಡುವವರು '33'ನ್ನು ಎರಡು ಸಲ ನೋಡಿ. ಎರಡನೇ ಸಲ ಹಾಳೆಯಲ್ಲಿ ಎರಡು ಕಂಬ ಹಾಕಿಕೊಳ್ಳಿ. ಒಂದರಲ್ಲಿ ಯಂತ್ರದ ಬಗ್ಗೆ ಹೊಸದಾಗಿ ತಿಳಿದದ್ದು, ಇನ್ನೊಂದರಲ್ಲಿ ಅದೇ ನಿಮಿಷದಲ್ಲಿ ಯಾರು ಏನು ಕಳೆದುಕೊಂಡರು ಎಂಬುದು. ಮೊದಲ ಕಂಬ ಹತ್ತು ನಿಮಿಷದಲ್ಲೇ ನಿಂತುಹೋಗುತ್ತದೆ, ಎರಡನೆಯದು ಹಾಳೆಯ ಕೆಳಗಿನ ತನಕ ಹೋಗುತ್ತದೆ. ನಂತರ 'ನೋ ಎಕ್ಸಿಟ್'ಗೆ ಇದೇ ಲೆಕ್ಕ ಮಾಡಿ, ಕಂಬಗಳು ಅದಲುಬದಲಾಗುತ್ತವೆ. ನಿಮ್ಮದೇ ಸ್ಕ್ರಿಪ್ಟ್ ಇದ್ದರೆ ಅದಕ್ಕೂ ಹಾಕಿ ನೋಡಬಹುದು. ಮೊದಲ ಕಂಬದಲ್ಲಿ ಬರೆದ ಯಾವುದಕ್ಕಾದರೂ ಎದುರು ಸಾಲು ಖಾಲಿ ಇದ್ದರೆ ಆ ಯಂತ್ರವನ್ನು ಕಿತ್ತುಹಾಕಿ, ಇಲ್ಲವೇ ಅದರಿಂದ ಯಾರದಾದರೂ ನಿದ್ದೆ ಕೆಡಿಸಿ.

ಇನ್ನೊಂದು ಮಾತು. ಶೀರ್ಷಿಕೆ ಬಂದಾಗ 'ಸ್ಕಿಪ್' ಒತ್ತಬೇಡಿ. ಸಂಗೀತದಲ್ಲಿ ಕೇಳುವ ಪದಗಳು ಗಾಯತ್ರಿ ಮಂತ್ರದವು, ಸಂಯೋಜನೆ ರಿಚರ್ಡ್ ಗಿಬ್ಸ್ ಅವರದು. ಉಚ್ಚಾರಣೆಗೆ ಸ್ವಲ್ಪ ರಿಯಾಯಿತಿ ಕೊಡಬೇಕು. ಡೋಲು ಶುರುವಾದಾಗ ಆ ದಿನದ ಎಪಿಸೋಡಿನ ಚೂರುಗಳು ಸರಸರ ಹಾದುಹೋಗುತ್ತವೆ, ಗುಟ್ಟು ಬಯಲಾಗುವುದು ಬೇಡವೆಂದರೆ ಆಗ ಕಣ್ಣು ತಿರುಗಿಸಿದರಾಯಿತು. ಆದರೆ ಅದಕ್ಕೆ ಮೊದಲು ಒಂದು ಸಂಖ್ಯೆ ಬರುತ್ತದಲ್ಲ, ರಾಸ್ಲಿನ್ ಬೋರ್ಡಿನ ಲೆಕ್ಕ, ಅದು ಬದಲಾಗುತ್ತಾ ಹೋಗುತ್ತದೆ. ಹಿಂದಿನ ಎಪಿಸೋಡಿನ ಸಂಖ್ಯೆ ನೆನಪಿದ್ದರೆ ಕಳೆದು ನೋಡಿ.